ಈ ಸೋಮವಾರ ರಾಜೀನಾಮೆ ಬೇಡ

ಪ್ರಶ್ನೆ: ನನಗೆ 36 ವರ್ಷ. ಧಾರವಾಡದ ಸಪ್ತಾಪುರದಲ್ಲಿ ಮನೆ. ಹುಬ್ಬಳ್ಳಿಯ ಒಂದು ಬ್ಯಾಂಕ್ ಶಾಖೆಯಲ್ಲಿ 13 ವರ್ಷದಿಂದ ಕೆಲಸ, ದಿನಾ ಚಿಗರಿ ಬಸ್ಸಿನಲ್ಲಿ ಓಡಾಟ. ಒಂದು ವರ್ಷದಿಂದ ಕೌಂಟರಿನ ಜತೆಗೆ ವಿಮೆ, ಬಂಗಾರದ ಸಾಲದ ಟಾರ್ಗೆಟ್ ಬೇರೆ. ಇಬ್ಬರು ವರ್ಗವಾಗಿ ಹೋದರು, ಅವರ ಜಾಗಕ್ಕೆ ಯಾರೂ ಬಂದಿಲ್ಲ. ನಸುಕಿನ ಮೂರೂವರೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಹೋದ ವಾರ ಪಿಂಚಣಿಗಾಗಿ ಜೀವನ ಪ್ರಮಾಣ ಪತ್ರ ಕೊಡಲು ಬಂದಿದ್ದ ಅಜ್ಜರೊಬ್ಬರ ಬೆರಳಚ್ಚನ್ನು ಯಂತ್ರ ಹಿಡಿಯಲಿಲ್ಲ. “ಎಷ್ಟು ಸಲ ಹೇಳಬೇಕ್ರಿ ನಿಮಗ” ಎಂದು ಎಲ್ಲರೆದುರು ಕೂಗಿಬಿಟ್ಟೆ. ಏಳು ವರ್ಷದಿಂದ ಬೆಳಿಗ್ಗೆ ಯೋಗಕ್ಕೆ ಹೋಗುತ್ತೇನೆ. ಆ ಒಂದು ತಾಸು ಮಾತ್ರ ಜೀವ ಹಗುರ. ನಮ್ಮ ಯೋಗದ ಸರ್ ಊರಲ್ಲಿಲ್ಲದಾಗ ತರಗತಿ ನಡೆಸಲು ನನಗೇ ಹೇಳುತ್ತಾರೆ. ಯೋಗ ಶಿಕ್ಷಕಿಯಾಗಬೇಕೆಂಬ ಆಸೆ ಬಲವಾಗಿದೆ. ಈ ಎರಡನೇ ಶನಿವಾರ, ಭಾನುವಾರ ನಮ್ಮ ಮನೆಯವರು ಮಗನನ್ನು ಕರೆದುಕೊಂಡು ಹಾವೇರಿಗೆ ಗೃಹಪ್ರವೇಶಕ್ಕೆ ಹೋಗುತ್ತಾರೆ. ಮೊಣಕಾಲು ನೋವಿನ ಅತ್ತೆ ಮತ್ತು ನಾನು ಇಬ್ಬರೇ ಮನೆಯಲ್ಲಿ. ಈ ಎರಡು ದಿನದಲ್ಲಿ ತೀರ್ಮಾನ ಮಾಡಿ ಸೋಮವಾರ ರಾಜೀನಾಮೆ ಕೊಡಲೇ? ಆನ್‌ಲೈನಿನಲ್ಲಿ 200 ಗಂಟೆಯ ಶಿಕ್ಷಕರ ಕೋರ್ಸ್ ಒಂದಿದೆ, ಅದರ ರಿಯಾಯಿತಿ ಭಾನುವಾರ ರಾತ್ರಿ 12ಕ್ಕೆ ಮುಗಿಯುತ್ತದೆ.

ಉತ್ತರ: ತಂಗೀ, ಸೋಮವಾರ ರಾಜೀನಾಮೆ ಕೊಡಬೇಡಿ. ಎಂದೂ ಕೊಡಬೇಡಿ ಎಂದು ನಾನು ಹೇಳುವುದಿಲ್ಲ, ಈ ಸೋಮವಾರ ಬೇಡ. ಇಪ್ಪತ್ತೆರಡು ವರ್ಷದ ಹಿಂದೆ ಇಂಥದೇ ಒಂದು ಸೋಮವಾರ ಕೊಟ್ಟವಳು ನಾನು. ಅದಕ್ಕೇ ಇಷ್ಟು ಉದ್ದದ ಉತ್ತರ.

ನಿಮ್ಮ ಪತ್ರ ಓದುತ್ತ ನಾನು ತಡೆದು ನಿಂತದ್ದು ಆ ಅಜ್ಜರ ಬೆರಳಿನ ಹತ್ತಿರ. ವಯಸ್ಸಾದವರ, ಅದರಲ್ಲೂ ಹೊಲದಲ್ಲಿ ದುಡಿದವರ ಬೆರಳ ಗೆರೆ ಸವೆದಿರುತ್ತದೆ. ನವೆಂಬರ್ ಬಂತೆಂದರೆ ನಿಮ್ಮ ಕೌಂಟರಿಗೆ ಅಂಥ ಬೆರಳುಗಳೇ ಬರುತ್ತವೆ. ಇಷ್ಟು ವರ್ಷ ಅವನ್ನು ಒರೆಸಿ, ಒತ್ತಿ, ಇದಾಗದಿದ್ದರೆ ಇನ್ನೊಂದು ಬೆರಳು ಇಡಿಸಿ ಸಮಾಧಾನದಿಂದ ಕಳಿಸಿದವರು ನೀವೇ. ಹೋದ ವಾರ ಆ ಸಮಾಧಾನ ಇರಲಿಲ್ಲ. ಬರೀ ದಣಿವಾಗಿದ್ದರೆ ಒಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರೆ ಇಳಿಯುತ್ತದೆ. ನಿಮ್ಮದು ಆ ಹಂತ ದಾಟಿದೆ. ನಮ್ಮ ಕಡೆ ಹೆಂಗಸರು “ಸಾಕಾಗಿ ಹೋಗೇದ ನೋಡ್ರಿ” ಅನ್ನುತ್ತಾರಲ್ಲ, ಅದು ಅಡುಗೆ ಮನೆಯ ಗೊಣಗಾಟ ಎಂದು ನಾವು ಕಿವಿಗೆ ಹಾಕಿಕೊಳ್ಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿಕೊಂಡ ರೋಗಗಳ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಈ ಸಾಕಾಗಿಹೋಗುವುದಕ್ಕೆ, ಅಂದರೆ ಬರ್ನ್‌ಔಟ್‌ಗೆ ಮೂರು ಗುರುತು ಹೇಳಿದೆ: ಕಸುವು ಬಸಿದುಹೋಗುವುದು, ಕೆಲಸದ ಮೇಲೆ ಮನಸ್ಸು ದೂರವಾಗಿ ಕಹಿ ತುಂಬಿಕೊಳ್ಳುವುದು, ನನ್ನ ಕೈಯಲ್ಲಿ ಏನೂ ಸರಿಯಾಗುತ್ತಿಲ್ಲ ಅನಿಸುವುದು. ಇದನ್ನು ಅವರು ಕಾಯಿಲೆ ಎಂದು ಕರೆದಿಲ್ಲ. ಹಿಡಿತಕ್ಕೆ ಸಿಗದೆ ಬಹಳ ದಿನ ಉಳಿದ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಎಂದಿದ್ದಾರೆ. ಒತ್ತಡ ಎಲ್ಲಿಯದು ಎಂಬುದನ್ನು ಆ ಮಾತೇ ತೋರಿಸುತ್ತದೆ. ನಾಲ್ಕು ಜನರ ಕೆಲಸ ಇಬ್ಬರು ಮಾಡುವ ಶಾಖೆಗೆ ಪ್ರಾಣಾಯಾಮ ಮದ್ದಲ್ಲ. ನಾನು ಯೋಗ ಕಲಿಸುವವಳಾದರೂ ಇದನ್ನು ನಿಮಗೆ ಸ್ಪಷ್ಟವಾಗಿ ಹೇಳಲೇಬೇಕು.

ಮುಂದಿನದಕ್ಕೆ ಹೋಗುವ ಮೊದಲು ಒಂದು ಎಚ್ಚರಿಕೆ. ಥೈರಾಯ್ಡ್ ಕಡಿಮೆಯಾದರೂ, ರಕ್ತ ಕಡಿಮೆಯಾದರೂ ಮೈ ಹೀಗೇ ಕುಸಿಯುತ್ತದೆ. ಈ ವಾರವೇ ಎರಡೂ ಪರೀಕ್ಷೆ ಮಾಡಿಸಿ. ಯೋಗದ ಆ ಒಂದು ತಾಸಿನಲ್ಲಿ ಜೀವ ಹಗುರವಾಗುತ್ತದೆ ಎಂದಿದ್ದೀರಿ, ಅದು ನನಗೆ ಧೈರ್ಯ ಕೊಟ್ಟ ಮಾತು. ಆ ತಾಸೂ ರುಚಿಗೆಟ್ಟರೆ, ರಜೆಯ ದಿನವೂ ಅದೇ ಭಾರ ಇದ್ದರೆ, ಇರುವುದೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ ಸರಿ, ತಡಮಾಡದೆ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ. ನಿಮ್ಮ ಊರಿನಲ್ಲೇ ಇದೆ. ಅಲ್ಲಿಗೆ ಹೋಗಲು ಸಂಕೋಚವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗಲೂ ಎತ್ತುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನು ಆ ಎರಡು ದಿನ. ತೀರ್ಮಾನ ಮಾಡಲು ಸಿಕ್ಕ ಬಿಡುವು ಎಂದು ನೀವು ತಿಳಿದಿದ್ದೀರಿ. ನಾನು ಬೇರೆ ರೀತಿ ನೋಡುತ್ತೇನೆ. ಮೂರೂವರೆಗೆ ಎದ್ದು ಕೂಡುವ ಮೈ ತೆಗೆದುಕೊಳ್ಳುವ ತೀರ್ಮಾನ ಒಂದೇ: ಇಲ್ಲಿಂದ ಓಡು. ಎಲ್ಲಿಗೆ ಎಂದು ಅದು ಕೇಳುವುದಿಲ್ಲ. ಆದ್ದರಿಂದ ಶನಿವಾರ ಪೂರ್ತಿ ನೌಕರಿಯ ಮಾತು ಎತ್ತಬೇಡಿ, ಅತ್ತೆಯ ಹತ್ತಿರವೂ ಬೇಡ, ನಿಮ್ಮೊಳಗೂ ಬೇಡ. ಶುಕ್ರವಾರ ಸಂಜೆಯೇ ಶಾಖೆಯ ವಾಟ್ಸ್ಆ್ಯಪ್ ಗುಂಪನ್ನು ಮ್ಯೂಟ್ ಮಾಡಿ. ಎರಡನೇ ಮತ್ತು ನಾಲ್ಕನೇ ಶನಿವಾರದ ರಜೆ ಬ್ಯಾಂಕುಗಳಿಗೆ 2015ರಿಂದ ಇದೆ. ಅದು ನಿಮ್ಮ ಹಕ್ಕಿನ ರಜೆ, ಯಾರೂ ಕರುಣೆಯಿಂದ ಕೊಟ್ಟದ್ದಲ್ಲ.

ಬೆಳಿಗ್ಗೆ ಅಲಾರಂ ಇಡಬೇಡಿ. ಮೂರೂವರೆಗೆ ಎಚ್ಚರವಾದರೆ ಗಡಿಯಾರ ನೋಡದೆ ಹಾಗೇ ಮಲಗಿರಿ, ನಿದ್ದೆ ಬರದಿದ್ದರೂ ಮೈಗೆ ವಿಶ್ರಾಂತಿಯೇ. ಎದ್ದ ಮೇಲೆ ದಿನನಿತ್ಯದ ನಿಮ್ಮ ಅಭ್ಯಾಸ ಬಿಟ್ಟುಬಿಡಿ. ಆಶ್ಚರ್ಯವಾಗಬಹುದು, ಆದರೆ ಸಾಕಾಗಿಹೋದವರು ಯೋಗಕ್ಕೂ ಟಾರ್ಗೆಟ್ ಹಚ್ಚಿಕೊಳ್ಳುತ್ತಾರೆ. ರಜೆ ಸಿಕ್ಕಿದೆ, ಇವತ್ತು 108 ಸೂರ್ಯ ನಮಸ್ಕಾರ ಹಾಕಿಬಿಡೋಣ ಎನ್ನುವವರನ್ನು ಎಷ್ಟೋ ಜನರನ್ನು ಕಂಡಿದ್ದೇನೆ. ರಭಸದಿಂದ ಉಸಿರು ಹೊರಗೆ ತಳ್ಳುವ ಕಪಾಲಭಾತಿಯೂ ಬೇಡ. ಮನೆಯಲ್ಲಿ ಕೌದಿ ಇದೆಯಲ್ಲ, ಅದನ್ನು ನಾಲ್ಕು ಮಡಿಕೆ ಮಾಡಿ ಗೋಡೆಗೆ ಹತ್ತಿಸಿ ಹಾಸಿ. ಅದರ ಮೇಲೆ ಸೊಂಟ ಬರುವಂತೆ ಮಲಗಿ ಎರಡೂ ಕಾಲು ಗೋಡೆಗೆ ಆನಿಸಿ ಮೇಲೆ ಬಿಡಿ. ಕೈ ಪಕ್ಕಕ್ಕೆ, ಅಂಗೈ ಮೇಲಕ್ಕೆ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ಉಸಿರು ಹೊರಗೆ ಹೋಗುವಾಗ ಎದೆಬಡಿತ ತುಸು ನಿಧಾನವಾಗುತ್ತದೆ, ಅದಕ್ಕೇ ಹೊರಗಿನದು ಉದ್ದ ಇರಲಿ. ಮೊದಲ ಎರಡು ನಿಮಿಷ ತೊಡೆ ಸಣ್ಣಗೆ ನಡುಗಬಹುದು. ಆಮೇಲೆ ಹಿಮ್ಮಡಿ ಗೋಡೆಯ ಮೇಲೆ ತಾನೇ ಭಾರ ಬಿಡುತ್ತದೆ, ಹಲ್ಲು ಕಚ್ಚಿಕೊಂಡಿದ್ದೆ ಎಂಬುದು ಹಲ್ಲು ಬಿಟ್ಟಾಗಲೇ ಗೊತ್ತಾಗುತ್ತದೆ. ಹತ್ತು ನಿಮಿಷ ಸಾಕು. ಗ್ಲಾಕೋಮಾ ಇದ್ದವರು, ಬಿಪಿ ಹಿಡಿತದಲ್ಲಿಲ್ಲದವರು ಇದನ್ನು ಮಾಡಬಾರದು. ಏಳುವಾಗ ಮಗ್ಗುಲಾಗಿ, ಕೈಯೂರಿ ಏಳಿ.

ಮಧ್ಯಾಹ್ನ ಊಟವಾದ ಮೇಲೆ ಒಂದು ಖಾಲಿತನ ಬರುತ್ತದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಹಾಗಾಗಿ ಹೇಳುತ್ತಿದ್ದೇನೆ. ಮನೆ ಸದ್ದಿಲ್ಲ, ಮಗನಿಲ್ಲ, ಮಾಡಬೇಕಾದದ್ದು ಏನೂ ಇಲ್ಲ. ಆಗ ಹಾಯೆನಿಸುವ ಬದಲು ಕಸಿವಿಸಿಯಾಗುತ್ತದೆ. ಕಪಾಟು ಜೋಡಿಸೋಣ, ಹಾಸಿಗೆ ಹೊದಿಕೆ ಎಲ್ಲ ತೊಳೆದು ಹಾಕೋಣ ಅನಿಸುತ್ತದೆ. ಕೆಲವರಿಗೆ ಸುಮ್ಮಸುಮ್ಮನೆ ಅಳು ಬರುತ್ತದೆ. ವರ್ಷಗಟ್ಟಲೆ ಓಡಿದ ಮೈ ನಿಂತಾಗ ಹೀಗಾಗುತ್ತದೆ, ಹೆದರಬೇಡಿ, ಅದನ್ನು ಕೆಲಸದಿಂದ ಮುಚ್ಚಬೇಡಿ. ಅತ್ತೆಯ ಜತೆ ಕೂತು ಅವರೆಕಾಯಿ ಸುಲಿಯಿರಿ. ಸಂಜೆ ಬಿಸಿಲು ಇಳಿದ ಮೇಲೆ ಕೆಲಗೇರಿ ಕೆರೆಯ ದಂಡೆಗೆ ಹೋಗಿ ಅರ್ಧ ತಾಸು ನಡೆದು ಬನ್ನಿ. ಎಷ್ಟು ಹೆಜ್ಜೆ ಆಯಿತು ಎಂದು ಎಣಿಸುವ ವಾಚು ಮನೆಯಲ್ಲೇ ಇರಲಿ.

ಭಾನುವಾರಕ್ಕೆ ಒಂದೇ ಕೆಲಸ ಕೊಡುತ್ತೇನೆ. ನೀವು ಶಿಕ್ಷಕಿಯಾಗಬಲ್ಲಿರಾ ಎಂಬ ಪ್ರಶ್ನೆಗೆ ಕೋರ್ಸಿಗಿಂತ ಇದು ಹೆಚ್ಚು ಉತ್ತರ ಕೊಡುತ್ತದೆ. ಅತ್ತೆಯವರಿಗೆ ಕುರ್ಚಿಯಿಂದ ಏಳುವುದನ್ನು, ಕೂಡುವುದನ್ನು ಕಲಿಸಿ.

ನಗಬೇಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಗಟ್ಟಿ ಕಟ್ಟಿಗೆಯದನ್ನು ಗೋಡೆಗೆ ಆನಿಸಿ ಇಡಿ, ಸರಿಯಬಾರದು. ಮೊದಲ ಸಲ ಏನೂ ಹೇಳಬೇಡಿ, “ಅತ್ತೀ, ಒಮ್ಮೆ ಎದ್ದು ನಿಂದರ್ರಿ” ಎಂದು ಅಷ್ಟೇ ಹೇಳಿ ಪಕ್ಕಕ್ಕೆ ಕೂತು ನೋಡಿ. ಕೈ ಎಲ್ಲಿ ಹೋಗುತ್ತದೆ? ಹೆಚ್ಚಾಗಿ ತೊಡೆಯ ಮೇಲೆ ಊರುತ್ತಾರೆ. ಯಾವ ಪಾದ ಹೊರಗೆ ತಿರುಗುತ್ತದೆ, ಭಾರ ಯಾವ ಕಾಲಿಗೆ ಬೀಳುತ್ತದೆ, ಉಸಿರು ಎಲ್ಲಿ ಕಟ್ಟುತ್ತದೆ. ಏಳುವ ಮೊದಲೇ ಅವರು ಉಸಿರು ಬಿಗಿ ಹಿಡಿದಿರುತ್ತಾರೆ, ಹುಬ್ಬು ಗಂಟಾಗಿರುತ್ತದೆ. ನೋವು ಬರುವ ಮೊದಲೇ ನೋವಿಗೆ ತಯಾರಾದ ಮುಖ ಅದು. ಆಮೇಲೆ ಹೇಳಿ: ಪಾದಗಳನ್ನು ತುಸು ಹಿಂದಕ್ಕೆ, ಮೊಣಕಾಲಿನ ಕೆಳಗೆ ಎಳೆದುಕೊಳ್ಳಲಿ, ಎದೆ ಮುಂದಕ್ಕೆ ಬಾಗಲಿ, ಉಸಿರು ಬಿಡುತ್ತ ಏಳಲಿ. ಕೂಡುವಾಗ ಧೊಪ್ಪನೆ ಬೀಳದೆ ಮೂರು ಎಣಿಸುತ್ತ ಇಳಿಯಲಿ. ಐದು ಸಲ, ಮುಗಿಯಿತು. ತೊಡೆಯ ಸ್ನಾಯು ಬಲವಾದರೆ ಸವೆದ ಮೊಣಕಾಲಿನ ಮೇಲಿನ ಭಾರ ಇಳಿಯುತ್ತದೆ. ಮೊಣಕಾಲು ಬಾತು ಬೆಚ್ಚಗಿದ್ದರೆ ಮಾತ್ರ ಬೇಡ, ಡಾಕ್ಟರಿಗೆ ತೋರಿಸಿ.

ಹತ್ತು ನಿಮಿಷದ ಈ ಪಾಠ ಮುಗಿದಾಗ ನಿಮ್ಮನ್ನೇ ನೋಡಿಕೊಳ್ಳಿ. “ನನ್ನ ಕೈಲೆ ಆಗಂಗಿಲ್ಲ ಬಿಡವಾ” ಎಂದು ಅತ್ತೆ ಮೂರನೇ ಸಲಕ್ಕೇ ಕೈಚೆಲ್ಲಿದಾಗ ನಿಮ್ಮ ಒಳಗೆ ಏನಾಯಿತು? ಕುತೂಹಲ ಹುಟ್ಟಿತೇ, ಅಥವಾ ಅಜ್ಜರ ಬೆರಳು ನೆನಪಾಯಿತೇ? ಇವತ್ತು ಎರಡನೆಯದಾದರೆ ಬೇಸರ ಬೇಡ, ನಿಮ್ಮ ಕೊಡ ಬರಿದಾಗಿದೆ ಎಂದಷ್ಟೇ ಅರ್ಥ. ಆದರೆ ಬರಿ ಕೊಡ ಹೊತ್ತುಕೊಂಡು ನೀರು ಹಂಚಲು ಹೊರಡಬಾರದು. ನಾನು ಹಾಗೇ ಹೊರಟಿದ್ದೆ.

ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಒಂದೊಂದು ಕೋಣೆಯಲ್ಲಿ ಎಪ್ಪತ್ತು ಮಕ್ಕಳು, ಮೇಲೆ ಬೇರೆ ಬೇರೆ ಗಣತಿಯ ಕೆಲಸ. ರಾಜೀನಾಮೆ ಕೊಟ್ಟು ಮಾಳಮಡ್ಡಿಯಲ್ಲಿ ಒಂದು ಮಹಡಿಯ ಕೋಣೆ ಹಿಡಿದು ಯೋಗ ತರಗತಿ ಶುರು ಮಾಡಿದೆ. ಮೊದಲ ಮೂರು ತಿಂಗಳು ಹಾರಾಡಿದ ಹಾಗಿತ್ತು. ಬೆಳಿಗ್ಗೆ ಎರಡು ಬ್ಯಾಚು, ಸಂಜೆ ಒಂದು. ಎಂಟನೇ ತಿಂಗಳಿಗೆ ನನ್ನ ಸ್ವಂತ ಅಭ್ಯಾಸ ನಿಂತಿತ್ತು, ನಿಂತದ್ದು ನನಗೆ ಗೊತ್ತೂ ಆಗಲಿಲ್ಲ. ಒಂದು ದಿನ, ಕಾಲು ಚಾಚಿ ಕೂತು ಮುಂದಕ್ಕೆ ಬಗ್ಗುವ ಪಶ್ಚಿಮೋತ್ತಾನಾಸನ ಮಾಡಿಸುತ್ತಿದ್ದೆ. ಬಾಯಿ ಎಣಿಸುತ್ತಿತ್ತು, ಕಣ್ಣು ಕಿಟಕಿಯ ಹೊರಗಿತ್ತು. ಎರಡನೇ ಸಾಲಿನಲ್ಲಿದ್ದ ಹೆಣ್ಣುಮಗಳು ಬೆನ್ನಿನ ಡಿಸ್ಕ್ ಜಾರಿದೆ ಎಂದು ಸೇರಿದ ದಿನವೇ ಹೇಳಿದ್ದರು. ನಾನು ಮರೆತಿದ್ದೆ. ಅವರು ಎಲ್ಲರ ಜತೆ ಬಗ್ಗಿದರು. ಮರುದಿನ ಹಾಸಿಗೆಯಿಂದ ಏಳಲಾಗಲಿಲ್ಲ, ಹದಿನೈದು ದಿನ ಮಲಗಿದರು. ನೋಡಲು ಹೋದಾಗ ಅವರು ಬೈಯಲಿಲ್ಲ. “ನಾ ಹೇಳಿದ್ದೆ ಅಲ್ರೀ ಟೀಚರ” ಎಂದರು. ಆ ಮಾತು ಇವತ್ತಿಗೂ ಪ್ರತಿ ಹೊಸಬರು ಚಾಪೆ ಬಿಚ್ಚುವಾಗ ನನ್ನ ಕಿವಿಯಲ್ಲಿದೆ. ತರಗತಿ ಒಂದು ತಿಂಗಳು ಮುಚ್ಚಿ, ನಿದ್ದೆ ಮಾಡಿ, ಮತ್ತೆ ಒಂದೇ ಬ್ಯಾಚಿನಿಂದ ಶುರು ಮಾಡಿದೆ. ಶಾಲೆಯಿಂದ ಹೊತ್ತು ತಂದ ದಣಿವನ್ನು ಇಳಿಸದೆ ಮಹಡಿ ಹತ್ತಿದ್ದೆ, ಅದರ ಬೆಲೆಯನ್ನು ಇನ್ನೊಬ್ಬರ ಬೆನ್ನು ಕೊಟ್ಟಿತು.

ಬರ್ನ್‌ಔಟ್ ಎಂಬ ಪದವನ್ನು ಈ ಅರ್ಥದಲ್ಲಿ ಬಳಕೆಗೆ ತಂದವರು ನ್ಯೂಯಾರ್ಕಿನ ಮನಃಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್, 1974ರಲ್ಲಿ. ಅವರು ಕಂಡದ್ದು ಉಚಿತ ಚಿಕಿತ್ಸಾಲಯದಲ್ಲಿ ಮನಸಾರೆ ಸೇವೆ ಮಾಡುತ್ತಿದ್ದವರನ್ನು. ಪರರ ಕಷ್ಟಕ್ಕೆ ಕೈ ಹಚ್ಚುವ ಕೆಲಸದಲ್ಲಿ ಇದು ಬೇಗ ತಗಲುತ್ತದೆ, ಯೋಗ ಕಲಿಸುವುದೂ ಅಂಥ ಕೆಲಸವೇ. ನಿಮಗೆ ಈಗ ಜೀವ ಕೊಡುತ್ತಿರುವ ತಾಸು ನಿಮ್ಮದು, ನೀವು ಅಲ್ಲಿ ವಿದ್ಯಾರ್ಥಿನಿ. ಶಿಕ್ಷಕಿಯಾದ ದಿನ ಅದೇ ತಾಸು ಇಪ್ಪತ್ತು ಜನರದಾಗುತ್ತದೆ. ನಿಮ್ಮದನ್ನು ಬೇರೆ ಹೊತ್ತಿನಲ್ಲಿ ಕಾಯ್ದುಕೊಳ್ಳಬೇಕು, ಅಂದರೆ ನಸುಕಿನ ನಾಲ್ಕಕ್ಕೆ. ನಮ್ಮ ಊರುಗಳಲ್ಲಿ ಜನ ಯೋಗಕ್ಕೆ ಬರುವುದು ಬೆಳಿಗ್ಗೆ ಐದೂವರೆಯಿಂದ ಎಂಟರ ತನಕ, ಮತ್ತೆ ಸಂಜೆ. ಮಗ ಶಾಲೆಗೆ ಹೊರಡುವ ಹೊತ್ತಿಗೂ ಮನೆಗೆ ಬರುವ ಹೊತ್ತಿಗೂ ನೀವು ತರಗತಿಯಲ್ಲಿರುತ್ತೀರಿ. ಜನವರಿಯಲ್ಲಿ, ಜೂನ್ 21ರ ಆಸುಪಾಸಿನಲ್ಲಿ ಕೋಣೆ ತುಂಬುತ್ತದೆ. ಶ್ರಾವಣ, ದಸರಾ, ದೀಪಾವಳಿ, ಮಕ್ಕಳ ಪರೀಕ್ಷೆ ಎಂದು ಖಾಲಿಯಾಗುತ್ತದೆ. ಕೋಣೆಯ ಬಾಡಿಗೆಗೆ ಶ್ರಾವಣ ಗೊತ್ತಿಲ್ಲ. ಬೇರೆಯವರ ಸಾಲದ ಅರ್ಜಿ ನೋಡುವವರು ನೀವು. ತಿಂಗಳ ಬಾಡಿಗೆ, ಮನೆಯ ಕಂತು, ಮಗನ ಫೀ, ಹನ್ನೆರಡು ತಿಂಗಳಲ್ಲಿ ನಾಲ್ಕು ತಿಂಗಳು ಅರ್ಧ ಆದಾಯ ಎಂದು ಬರೆದು, ಈ ಅರ್ಜಿಯನ್ನು ನೀವು ಮಂಜೂರು ಮಾಡುತ್ತಿದ್ದಿರಾ ನೋಡಿ. ಭಾನುವಾರ ಅಲ್ಲ, ಮುಂದಿನ ತಿಂಗಳು.

ಇಷ್ಟೆಲ್ಲ ಹೇಳಿದ್ದು ನಿಮ್ಮ ಆಸೆಗೆ ತಣ್ಣೀರು ಎರಚಲು ಅಲ್ಲ. ಏಳು ವರ್ಷ ಬಿಡದೆ ಬಂದವರು, ಗುರುವೇ ನಂಬಿ ತರಗತಿ ಒಪ್ಪಿಸುವವರು ನಮಗೆ ಬೇಕು. 1930ರ ದಶಕದಲ್ಲಿ ಮೈಸೂರಿನ ಯೋಗಗುರು ಕೃಷ್ಣಮಾಚಾರ್ಯರು ಶಿಷ್ಯರೊಂದಿಗೆ ಪ್ರದರ್ಶನ ಕೊಡುತ್ತ ನಮ್ಮ ಕಡೆ ಬಂದಾಗ, ಧಾರವಾಡದ ಹೆಣ್ಣುಮಕ್ಕಳು ನಮಗೂ ಕಲಿಸಿರಿ ಎಂದರು. ಆ ಕೆಲಸ ಬಿದ್ದದ್ದು ಗುಂಪಿನಲ್ಲಿ ಚಿಕ್ಕವರಾಗಿದ್ದ, ಇನ್ನೂ ಇಪ್ಪತ್ತು ತುಂಬದ ಬಿ.ಕೆ.ಎಸ್. ಅಯ್ಯಂಗಾರರ ಪಾಲಿಗೆ. 1937ರಲ್ಲಿ ಅವರು ಪುಣೆಗೆ ಕಲಿಸಲು ಹೋದಾಗ ಕಲಿತದ್ದು ಕಡಿಮೆ ಎಂದು ತಮಗೇ ಗೊತ್ತಿದ್ದರಿಂದ ದಿನಕ್ಕೆ ಎಷ್ಟೋ ತಾಸು ಒಬ್ಬರೇ ಅಭ್ಯಾಸ ಮಾಡಿದರು. ಕಲಿಸುವುದು ಅವರನ್ನು ಅಭ್ಯಾಸಕ್ಕೆ ಇನ್ನಷ್ಟು ತಳ್ಳಿತು. ನಿಮಗೂ ಹಾಗಾಗಲಿ ಎಂಬುದು ನನ್ನ ಆಸೆ, ಅದಕ್ಕೆ ಮೈಯಲ್ಲಿ ಕಸುವಿರಬೇಕು.

ಸರ್ಟಿಫಿಕೇಟಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. 200 ಗಂಟೆ ಎಂದರೆ ದಿನಕ್ಕೆ ಎಂಟು ತಾಸಿನಂತೆ 25 ದಿನ. ಶುರುವಿಗೆ ಅದು ಸಾಕು, ಒಬ್ಬರ ಜಾರಿದ ಡಿಸ್ಕ್ ಸಂಭಾಳಿಸಲು ಸಾಲದು. ಕೇಂದ್ರ ಆಯುಷ್ ಸಚಿವಾಲಯದ ಯೋಗ ಸರ್ಟಿಫಿಕೇಷನ್ ಬೋರ್ಡ್ ಹಂತ ಹಂತವಾಗಿ ಪರೀಕ್ಷೆ ನಡೆಸುತ್ತದೆ. ಬರವಣಿಗೆಯೂ ಇದೆ, ಮಾಡಿ ತೋರಿಸುವುದೂ ಇದೆ. ಮೊದಲ ಹಂತ ಯೋಗ ಪ್ರೋಟೋಕಾಲ್ ಇನ್‌ಸ್ಟ್ರಕ್ಟರ್, ಆಮೇಲೆ ಯೋಗ ವೆಲ್‌ನೆಸ್ ಇನ್‌ಸ್ಟ್ರಕ್ಟರ್. ನಿಮ್ಮ ಮನೆಯ ಹತ್ತಿರದ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಯೋಗ ಅಧ್ಯಯನ ವಿಭಾಗವಿದೆ, ಒಂದು ದಿನ ಹೋಗಿ ವಿಚಾರಿಸಿ. ಎಲ್ಲೇ ಸೇರಿದರೂ ಒಂದೇ ಪ್ರಶ್ನೆ ಕೇಳಿ: ನಾನು ಕಲಿಸುವುದನ್ನು ಯಾರಾದರೂ ಪಕ್ಕದಲ್ಲಿ ಕೂತು ನೋಡಿ ತಿದ್ದುತ್ತಾರೆಯೇ? ಇಲ್ಲ ಎಂದರೆ ಅದು ಶಿಕ್ಷಕರ ತರಬೇತಿ ಆಗುವುದಿಲ್ಲ. ಪರದೆಯ ಆಚೆ ಇರುವವರಿಗೆ ನಿಮ್ಮ ಆಸನ ಕಾಣಬಹುದು, ಎರಡನೇ ಸಾಲಿನ ಹೆಣ್ಣುಮಗಳನ್ನು ನಿಮ್ಮ ಕಣ್ಣು ನೋಡುತ್ತಿದೆಯೋ ಇಲ್ಲವೋ ಕಾಣುವುದಿಲ್ಲ. ಆ ಕಣ್ಣು ನಿಮ್ಮ ಈಗಿನ ಸರ್ ಹತ್ತಿರವೇ ಸಿಗುತ್ತದೆ. ವಾರಕ್ಕೊಂದು ದಿನ ತರಗತಿ ನಡೆಸುತ್ತೇನೆ, ನೀವು ಹಿಂದೆ ಕೂತು ನೋಡಿ ಎಂದು ಅವರನ್ನು ಕೇಳಿಕೊಳ್ಳಿ. ಮೂರು ತಿಂಗಳು ಹಾಗೆ ಮಾಡಿ, ಆಮೇಲೆ ಕೋರ್ಸಿನ ಮಾತು.

ಸೋಮವಾರ ನೀವು ಕೊಡಬೇಕಾದ ಪತ್ರ ಬೇರೆ ಇದೆ. ನಿಮ್ಮ ರಜೆಯ ಖಾತೆಯಲ್ಲಿ ಎಷ್ಟು ದಿನ ಉಳಿದಿವೆ ನೋಡಿ, ಹದಿನೈದು ದಿನಕ್ಕೆ ಒಟ್ಟಿಗೆ ಅರ್ಜಿ ಹಾಕಿ. ನೀವಿಲ್ಲದಿದ್ದರೆ ಶಾಖೆ ನಡೆಯುವುದಿಲ್ಲ ಎಂದು ಮ್ಯಾನೇಜರ್ ಹೇಳುತ್ತಾರೆ. ರಾಜೀನಾಮೆ ಕೊಟ್ಟಿದ್ದರೂ ಶಾಖೆ ನಡೆಯುತ್ತಿತ್ತು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಸಮಾಧಾನದಿಂದ ಕೇಳಿ. ಖಾಲಿ ಬಿದ್ದ ಎರಡು ಜಾಗ, ಕೌಂಟರ್ ಮತ್ತು ಟಾರ್ಗೆಟ್ ಎರಡೂ ಒಬ್ಬರ ಮೇಲೆ ಬಿದ್ದಿರುವುದು, ಇವನ್ನು ಇಮೇಲಿನಲ್ಲಿ ಬರೆದು ಕಳಿಸಿ. ಬಾಯಿಮಾತು ಮೀಟಿಂಗಿನ ಚಹಾದ ಜತೆ ಮುಗಿದುಹೋಗುತ್ತದೆ. ಮೂರು ತಿಂಗಳಲ್ಲಿ ಏನೂ ಬದಲಾಗದಿದ್ದರೆ, ನಿದ್ದೆ ತಿರುಗಿ ಬಂದ ಮೇಲೂ ಮನಸ್ಸು ಯೋಗದ ಕಡೆಗೇ ಎಳೆದರೆ, ಆಗ ರಾಜೀನಾಮೆ ಬರೆಯಿರಿ. ಅದಕ್ಕೆ ಮೊದಲು ಮಾಳಮಡ್ಡಿಗೆ ಬಂದು ನನ್ನ ತರಗತಿಯ ಹಿಂದಿನ ಸಾಲಿನಲ್ಲಿ ಒಂದು ವಾರ ಕೂಡ್ರಿ, ನನ್ನ ಲೆಕ್ಕದ ಪುಸ್ತಕವನ್ನೂ ತೆರೆದು ತೋರಿಸುತ್ತೇನೆ.

ಆ ಅಜ್ಜರ ಕೆಲಸ ಇನ್ನೂ ಆಗಿಲ್ಲದಿದ್ದರೆ ಅವರು ಮತ್ತೆ ಬರಲೇಬೇಕು, ಈ ತಿಂಗಳೊಳಗೆ ಪ್ರಮಾಣ ಪತ್ರ ಕೊಡಬೇಕಲ್ಲ. ಬಂದಾಗ ಒಳಗೆ ಕರೆದು ಕೂಡ್ರಿಸಿ, ಒದ್ದೆ ಬಟ್ಟೆಯಿಂದ ಬೆರಳು ಒರೆಸಿಕೊಡಿ, ಹೋದ ವಾರ ತಪ್ಪಾಯಿತು ಎಂದು ಹೇಳಿ. ಬೆರಳು ಹತ್ತದೇ ಹೋದರೆ ಮೊಬೈಲಿನಲ್ಲಿ ಮುಖ ತೋರಿಸಿ ಕೊಡುವ ದಾರಿಯೂ ಈಗ ಇದೆ, ನಿಮಗೇ ಗೊತ್ತಿರುತ್ತದೆ.

ಆನ್‌ಲೈನ್ ಕೋರ್ಸಿನ ರಿಯಾಯಿತಿ ಭಾನುವಾರ ರಾತ್ರಿ 12ಕ್ಕೆ ಮುಗಿಯುತ್ತದೆ ಎಂದಿರಿ. ಮುಗಿಯಲಿ ಬಿಡಿ. ಒಂಬತ್ತೂವರೆಗೆ ದೀಪ ಆರಿಸಿ, ಫೋನನ್ನು ಅಡುಗೆ ಮನೆಯಲ್ಲಿಟ್ಟು ಮಲಗಿ.